ಶೂಫ್ ಬೆಟ್ಟದ ಮಂದೀಲು

ಬೈರೂತ್‌ನ ಕಡಲು ಹಿಂದೆ ಸರಿದು ದಾಮೂರ್ ಕಣಿವೆಯ ತಿರುವುಗಳು ಶುರುವಾದವು. ಇದು ಲೆಬನಾನಿನ ಶೂಫ್ ಬೆಟ್ಟಸೀಮೆ, ದ್ರೂಸ್ ಪಂಥದವರ ನೆಲೆ. ಎಮೀರ್ ಎರಡನೇ ಬಶೀರ್ ಕಟ್ಟಿಸಿದ ಬೈತ್ ಅದ್ದೀನ್ ಅರಮನೆಯಲ್ಲಿ ಒಂದು ಕೊಂಬಿನ ಮುಂದೆ ನಿಂತವಳು ನಿಂತೇಬಿಟ್ಟೆ.

ತಂತೂರ್ ಅಂತ ಅದರ ಹೆಸರು. ನೆತ್ತಿಯ ಮೇಲಿಂದ ಎದ್ದ ಬೆಳ್ಳಿಯ ಕೊಳವೆ, ಸುಮಾರು ಒಂದು ಮೊಳ ಎತ್ತರ. ಬುಡ ಅಗಲ, ತುದಿ ಕಿರಿದು, ಮೈತುಂಬ ಕೆತ್ತನೆ. 19ನೇ ಶತಮಾನದ ಮೊದಲರ್ಧದಲ್ಲಿ ಈ ಬೆಟ್ಟಗಳ ಸಿರಿವಂತ ಹೆಂಗಸರು, ದ್ರೂಸರೂ ಕ್ರೈಸ್ತರೂ, ಇದನ್ನು ರೇಷ್ಮೆ ಪಟ್ಟಿಯಿಂದ ತಲೆಗೆ ಬಿಗಿದು, ತುದಿಯಿಂದ ಮುಸುಕು ಇಳಿಬಿಡುತ್ತಿದ್ದರು. ಮದುವೆಯಲ್ಲಿ ಗಂಡ ಕೊಡುವ ಉಡುಗೊರೆ. ಕೊಂಬು ಎತ್ತರವಾದಷ್ಟೂ ಮನೆತನ ದೊಡ್ಡದು. ಅದನ್ನು ಹೊತ್ತು ಬಾಗಿ ಮಗುವನ್ನು ಹೇಗೆ ಎತ್ತಿಕೊಳ್ಳುತ್ತಿದ್ದರೋ ತಾಯಂದಿರು! ಶತಮಾನ ಮುಗಿಯುವ ಹೊತ್ತಿಗೆ ಕೊಂಬು ಹೋಯಿತು. ಮುಸುಕು ಉಳಿಯಿತು.

ಆ ಮುಸುಕನ್ನು ಸಂಜೆ ಹಳ್ಳಿಯೊಂದರಲ್ಲಿ ಕಂಡೆ. ಹಂಚನ್ನು ಬೋರಲು ಹಾಕಿದಂಥ ಸಾಜ್ ಮೇಲೆ ಅಜ್ಜಿಯೊಬ್ಬರು ರೊಟ್ಟಿ ಹರಡುತ್ತಿದ್ದರು. ಪಾದ ಮುಟ್ಟುವ ಕಪ್ಪು ನಿಲುವಂಗಿ. ತಲೆ, ಹೆಗಲು, ಎದೆಯ ಮೇಲೆಲ್ಲ ತೆಳ್ಳನೆಯ ಬಿಳಿ ಬಟ್ಟೆ. ಚಿನ್ನದ ಒಂದು ಎಳೆಯೂ ಇಲ್ಲ. ನನ್ನ ಜೊತೆಗಿದ್ದ ಡ್ರೈವರ್ ಹತ್ತಿರ ಬರುತ್ತಲೇ ಅವರ ಎಡಗೈ ತಾನಾಗಿ ಸೆರಗೆಳೆದು ಬಾಯಿ ಮರೆಮಾಡಿತು. ಹಿಟ್ಟು ಮೆತ್ತಿದ ಬಲಗೈ ಕೆಲಸ ನಿಲ್ಲಿಸಲಿಲ್ಲ.

"ಸಿತ್ತಿ, ಇದಕ್ಕೇನಂತೀರಿ?" ಬಟ್ಟೆ ತೋರಿಸಿ ಕೇಳಿದೆ. ಸಿತ್ತಿ ಅಂದರೆ ಅಜ್ಜಿ.

"ಮಂದೀಲ್."

ಮೈ ಜುಮ್ಮೆಂದಿತು. ಮದುಮಗನ ತಲೆಗೆ ನಮ್ಮಜ್ಜ ಸುತ್ತುತ್ತಿದ್ದ ಜರಿಯ ಮಂದೀಲು! ಅರಬ್ಬಿ ಮಾತೊಂದು ಎಷ್ಟು ದರ್ಬಾರು, ಎಷ್ಟು ಸಂತೆ ದಾಟಿ ನಮ್ಮೂರಿಗೆ ಬಂತೋ. ನಮ್ಮಲ್ಲಿ ಅದು ಗಂಡಸಿನ ಠೀವಿ. ಈ ಬೆಟ್ಟದಲ್ಲಿ ಹೆಂಗಸಿನ ವ್ರತ.

ವ್ರತವೇ ಸರಿ. 11ನೇ ಶತಮಾನದ ಕೈರೋದಲ್ಲಿ ಹುಟ್ಟಿದ ದ್ರೂಸ್ ಪಂಥ 1043ರಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿತು. ಒಳಗಿನವರಲ್ಲೂ ಧರ್ಮಗ್ರಂಥ ತೆರೆಯುವುದು ದೀಕ್ಷೆ ಪಡೆದ ಉಕ್ಕಾಲರಿಗೆ ಮಾತ್ರ. ಆ ದೀಕ್ಷೆ ಹೆಂಗಸರಿಗೂ ಉಂಟು. ಸರಳ ಬಟ್ಟೆ ಅದರ ಗುರುತು. ಅಜ್ಜಿಯ ಪಕ್ಕದಲ್ಲೇ ದೀಕ್ಷೆ ಪಡೆಯದ ಮೊಮ್ಮಗಳು ಜೀನ್ಸ್ ತೊಟ್ಟು, ಕೂದಲು ಹರವಿಕೊಂಡು ಕೂತಿದ್ದಳು.

"ನಿಮ್ಮಲ್ಲಿ ಪುನರ್ಜನ್ಮ ನಂಬುತ್ತೀರಂತೆ?"

"ತಕಮ್ಮುಸ್," ಎಂದ ಅಜ್ಜಿ ತಮ್ಮ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಕಮೀಸ್ ಎಂದರೆ ಅಂಗಿ, ನಮ್ಮ ಕಮೀಜು ಅದೇ. ಜೀವ ಅಂಗಿ ಬದಲಿಸುವುದೇ ತಕಮ್ಮುಸ್. ಆಮೇಲೆ ಬಿಸಿ ರೊಟ್ಟಿಯನ್ನು ಕರವಸ್ತ್ರದಂತೆ ಮಡಚಿ ನನ್ನ ಕೈಗಿಟ್ಟರು.