ಗೋದಾವರಿಯ ತನಕ ಒಂದು ದಸರಾ ಪ್ರವಾಸ

ಪುಣೆಯ ಕನ್ನಡಿಗರಿಗೆ ದಸರಾ ರಜೆ ಅಂದರೆ ಊರಿನ ದಾರಿ. ಸೋಲಾಪುರ ದಾಟಿ ವಿಜಯಪುರ, ಇಲ್ಲವೇ ಕೊಲ್ಹಾಪುರ ದಾಟಿ ಬೆಳಗಾವಿ. ಕಾರಿನ ಮೂತಿ ತಾನಾಗಿಯೇ ದಕ್ಷಿಣಕ್ಕೆ ತಿರುಗುತ್ತದೆ. ನಮ್ಮ ಮನೆಯಲ್ಲಿ ಈ ಸಲ ಅದು ಈಶಾನ್ಯಕ್ಕೆ ತಿರುಗಿತು. ಕಾರಣ ಒಂದು ಫೋನ್.

ಅಪ್ಪನಿಗೆ ಧಾರವಾಡದ ಹಾಸ್ಟೆಲ್ ದಿನಗಳ ಒಬ್ಬ ಗೆಳೆಯರಿದ್ದಾರೆ. ಅಥಣಿ ಕಡೆಯವರು, ಹಾಗಾಗಿ ನಮಗೆಲ್ಲ ಅವರು 'ಅಥಣಿ ಕಾಕಾ'. ನೌಕರಿಗೆಂದು ಔರಂಗಾಬಾದಿಗೆ ಹೋದವರು ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಅಲ್ಲಿಯವರೇ ಆದರು. (ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ, ನಮ್ಮ ಮನೆಯ ಮಾತಿನಲ್ಲಿ ಹಳೆಯದೇ ಉಳಿದಿದೆ, ಕ್ಷಮಿಸಿ.) ಜೂನ್‌ನಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ನಿಂತಿತು. ಸೆಪ್ಟೆಂಬರ್ ಕೊನೆಗೆ ಅವರ ಮಗ ಅಪ್ಪನಿಗೆ ಫೋನ್ ಮಾಡಿ, ಸ್ವಲ್ಪ ಸಂಕೋಚದಿಂದಲೇ ಮರಾಠಿಯಲ್ಲಿ ಹೇಳಿದ: "ಬಾಬಾ ಈಗ ಮಾತಾಡುತ್ತಾರೆ. ಆದರೆ ಏನು ಹೇಳುತ್ತಾರೆಂದು ನಮಗೆ ತಿಳಿಯುವುದಿಲ್ಲ. ಅದು ಕನ್ನಡ ಅನ್ನಿಸುತ್ತದೆ."

ಎರಡು ಭಾಷೆ ಬಲ್ಲವರಿಗೆ ಹೀಗೆ ಆಗುವುದುಂಟಂತೆ. ಒಂದು ಭಾಷೆ ಮೊದಲು ಮರಳುತ್ತದೆ, ಇನ್ನೊಂದು ತಡವಾಗಿ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರಂತೆ. ನಲವತ್ತೈದು ವರ್ಷ ಮರಾಠಿಯಲ್ಲಿ ಸಂಸಾರ ಮಾಡಿದ ಮನುಷ್ಯ, ಹೆಂಡತಿ ಮಕ್ಕಳ ನಡುವೆ ಕುಳಿತು, ಅವರಿಗೆ ತಿಳಿಯದ ಭಾಷೆಯಲ್ಲಿ ಏನನ್ನೋ ಕೇಳುತ್ತಿದ್ದಾರೆ. ಅಪ್ಪ ಫೋನ್ ಇಟ್ಟವರೇ, "ಬನ್ನಿ ಮುಡಿದ ಮರುದಿನಾನ ಹೊಂಟಬಿಡೂಣು" ಅಂದರು. ಅಪ್ಪನಿಗೆ ಎಪ್ಪತ್ತೆಂಟು. ನಮ್ಮಲ್ಲಿ ಯಾರೂ ಎದುರಾಡಲಿಲ್ಲ.

ಪುಣೆಯಿಂದ ಅಲ್ಲಿಗೆ ಸುಮಾರು 235 ಕಿಲೋಮೀಟರ್. ವಾಘೋಲಿಯಿಂದ ಶಿಕ್ರಾಪುರದ ತನಕದ ದಟ್ಟಣೆಯ ಬಗ್ಗೆ ಬರೆಯುವುದೇ ಬೇಡ, ಆ ದಾರಿ ಬಲ್ಲವರು ಬಲ್ಲರು. ರಾಂಜಣಗಾವದ ಗಣಪತಿಗೆ ಕಾರಿನಿಂದಲೇ ಕೈಮುಗಿದು, ಶಿರೂರು ದಾಟಿದ ಮೇಲೆ ರಸ್ತೆಗೆ ಉಸಿರು ಬಂತು. ಹಿಂದಿನ ದಿನ ವಾಹನಪೂಜೆ ಆಗಿದ್ದರಿಂದ ಲಾರಿ, ಟ್ರ್ಯಾಕ್ಟರ್, ಜೆಸಿಬಿ ಎಲ್ಲಕ್ಕೂ ಚೆಂಡು ಹೂವಿನ ಮಾಲೆ. ಗಾಳಿಗೆ ಎಸಳು ಉದುರಿ ದಾರಿಯುದ್ದಕ್ಕೂ ಹಳದಿ ಚುಕ್ಕೆ. ಅಹಿಲ್ಯಾನಗರ ದಾಟಿದರೆ ಎರಡೂ ಬದಿ ಕಬ್ಬು, ಬಿಳಿ ಬಿಚ್ಚತೊಡಗಿದ ಹತ್ತಿ, ಹೂವಿಗೆ ಬರುತ್ತಿದ್ದ ತೊಗರಿ. ಮಳೆ ಹೋಗಿ ಚಳಿ ಇನ್ನೂ ಬಾರದ ಈ ಹದಿನೈದಿಪ್ಪತ್ತು ದಿನ ದಖ್ಖನಿನ ನೆಲ ನೋಡಬೇಕು. ಕರಿಮಣ್ಣು ಹಸಿಯಾಗಿಯೇ ಇರುತ್ತದೆ, ಆಕಾಶ ತೊಳೆದಂತಿರುತ್ತದೆ. ಅಪ್ಪ ಕಿಟಕಿಯಿಂದ ನೋಡುತ್ತ, "ಇದೇನ್ ಬ್ಯಾರೆ ನಾಡಲ್ಲ ಬಿಡು, ನಮ್ಮ ಸಿಂದಗಿನ" ಅಂದರು.

ಅಪ್ಪ ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗ ಹೇಳುತ್ತದೆ ಎನ್ನುವುದನ್ನು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದಾರೋ. ಒಂಬತ್ತನೆಯ ಶತಮಾನದ ಪುಸ್ತಕ, ಮಾನ್ಯಖೇಟದ ನೃಪತುಂಗನ ಆಸ್ಥಾನದ್ದು. ಕಾವೇರಿಯನ್ನು ಅವರು ಶಾಲೆಯ ಟ್ರಿಪ್ಪಿನಲ್ಲಿ ನಾಲ್ಕಾರು ಸಲ ನೋಡಿದ್ದರು. ಗೋದಾವರಿಯನ್ನು ಒಮ್ಮೆಯೂ ನೋಡಿರಲಿಲ್ಲ.

ನೇವಾಸೆ ಫಾಟಾ ದಾಟಿ ಸ್ವಲ್ಪ ಹೊತ್ತಿಗೆ ಪ್ರವರಾ ಸಂಗಮ. ಪ್ರವರಾ ನದಿ ಗೋದಾವರಿಯನ್ನು ಕೂಡುವ ಜಾಗ. ಹೆದ್ದಾರಿಯ ಸೇತುವೆ ಅಲ್ಲೇ ನದಿ ದಾಟುತ್ತದೆ. ಕೆಳಗೆ ಜಾಯಕವಾಡಿ ಅಣೆಕಟ್ಟಿನ ಹಿನ್ನೀರು ಸೇರಿ, ನದಿ ಕೆರೆಯಂತೆ ಅಗಲವಾಗಿ ನಿಂತಿತ್ತು. ಘಟ್ಟದ ಮೆಟ್ಟಿಲ ಮೇಲೆ ನವರಾತ್ರಿಯ ಘಟದ ಸಸಿ, ಬಾಡಿದ ಮಾಲೆ. ಅಪ್ಪ ಮೊಣಕಾಲು ಹಿಡಿದುಕೊಂಡು ನಾಲ್ಕು ಮೆಟ್ಟಿಲಿಳಿದು, ಒಂದು ಬೊಗಸೆ ನೀರು ತಲೆಗೆ ಹಾಕಿಕೊಂಡರು. ನಾನು ಏನಾದರೂ ದೊಡ್ಡ ಮಾತು ಬರುತ್ತದೆಂದು ಕಾದೆ. "ಇದು ಯಾವಾಗಲೂ ಎರಡು ಮಾರ್ಕಿನ ಪ್ರಶ್ನಿ ಆಗಿತ್ತು" ಅಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಿನಗ ಐದು ಮಾರ್ಕಿಗೆ ಕೊಡ್ತೀನಿ, ಬರಿ" ಅಂದರು. ಅವಳಿಗೆ ಹನ್ನೆರಡು. ಕನ್ನಡ ಮಾತಾಡುತ್ತಾಳೆ, ಬರೆಯಲು ಬರುವುದಿಲ್ಲ.

ಕಾಕಾ ಮನೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಬಾಗಿಲ ಹತ್ತಿರದ ಮಂಚದ ಮೇಲೆ, ದಿಂಬಿಗೊರಗಿ ಕುಳಿತಿದ್ದರು. ನನ್ನ ಮದುವೆಯಲ್ಲಿ ಬಾಳೆ ಎಲೆ ಹಾಕಲು ಓಡಾಡಿದ್ದ ಆಳು ಅರ್ಧಕ್ಕಿಳಿದಿದ್ದರು. ಅಪ್ಪ ಏನೂ ಮಾತಾಡದೆ ಅಂಗಿ ಜೇಬಿನಿಂದ ಬನ್ನಿ ಎಲೆ ತೆಗೆದು (ಪುಣೆಯಲ್ಲಿ ಮಾರುವುದು ಆಪ್ಟಾ ಎಲೆ, ಹಬ್ಬದ ಲೆಕ್ಕಕ್ಕೆ ಅದೂ ಬನ್ನಿಯೇ) ಅವರ ಎಡಗೈಯಲ್ಲಿಟ್ಟು, "ಬಂಗಾರ ತಗೊಂಡು..." ಅಂದರು. ಕಾಕಾ ತುಟಿ ಒಂದು ಕ್ಷಣ ಹುಡುಕಾಡಿತು. ನಂತರ ಎಲ್ಲೂ ತಡವರಿಸದೆ ಬಂತು: "ಬಂಗಾರದಂಗ ಇರೂಣು."

ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು ಹಾಗೇ ನಿಂತರು. ನಾಲ್ಕು ತಿಂಗಳಲ್ಲಿ ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದಿರಲಿಲ್ಲವಂತೆ.

ಆ ಸಂಜೆಯೆಲ್ಲ ಅಪ್ಪ ದುಭಾಷಿ. ತಿಳಿದುಬಂದ ಸಂಗತಿಗಳು ಸಣ್ಣವು. ಕಾಕಾ ದಿನಾ ರಾತ್ರಿ "ಸೆಕಿ, ಸೆಕಿ" ಅನ್ನುತ್ತಿದ್ದರಂತೆ. ಮನೆಯವರು ಇನ್ನೊಂದು ಚಾದರ ಹೊದಿಸುತ್ತಿದ್ದರು. ಅವರು ಅದನ್ನು ಎಡಗೈಯಿಂದ ಕಿತ್ತೆಸೆಯುತ್ತಿದ್ದರು. ಮನೆಯವರು ಇದನ್ನು ಕಾಯಿಲೆಯ ಸಿಟ್ಟು ಎಂದುಕೊಂಡಿದ್ದರು. "ವೈನಿ, ಸೆಕಿ ಅಂದರ ಉಕಾಡಾ. ಫ್ಯಾನ್ ಹಾಕ್ರಿ ಅನ್ನಾಕತ್ತಾನ ಅಂವ" ಎಂದು ಅಪ್ಪ ಅರ್ಧ ಮರಾಠಿ ಸೇರಿಸಿ ಹೇಳಿದಾಗ ಕಾಕು ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು. "ಬ್ಯಾಸರ" ಎಂದರೆ ಬಾಸರಿ ಅಲ್ಲ, ಕೊಳಲು ಕೇಳುತ್ತಿಲ್ಲ ಎನ್ನುವುದೂ ಅಂದೇ ಬಗೆಹರಿಯಿತು. ಮಗ ಮೊಬೈಲಿನಲ್ಲಿ ಎರಡು ತಿಂಗಳಿಂದ ಕೊಳಲುವಾದನ ಹಾಕಿ ಕೇಳಿಸುತ್ತಿದ್ದನಂತೆ.

ನನ್ನ ಮಗಳು ಇದನ್ನೆಲ್ಲ ನೋಡುತ್ತಿದ್ದಳು. ರಾತ್ರಿ ಒಂದು ದೊಡ್ಡ ಹಾಳೆ ಕೇಳಿ ಪಡೆದು, ಅಜ್ಜನನ್ನು ಪಕ್ಕಕ್ಕೆ ಕೂರಿಸಿಕೊಂಡು ಪಟ್ಟಿ ಮಾಡತೊಡಗಿದಳು. ನೀರು, ಹಸಿವು, ಸಾಕು, ನೋವು, ಸೆಕಿ, ಥಂಡಿ, ಬ್ಯಾಸರ, ಹೊರಗ ಹೋಗೂಣು. ಕನ್ನಡದ ಮಾತು ದೇವನಾಗರಿಯಲ್ಲಿ, ಎದುರಿಗೆ ಮರಾಠಿ ಅರ್ಥ. ಕಾಕಾ ಮೊಮ್ಮಗ ಪ್ರತಿಯೊಂದಕ್ಕೂ ಚಿತ್ರ ಬರೆದ. 'ಸಿಟ್ಟು' ಪದಕ್ಕೆ ಅವನು ಬರೆದ ಮೀಸೆಯ ಮುಖ ಕಾಕಾ ಅವರದೇ. ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

ಮರುದಿನ ವೇರೂಳು, ಅಂದರೆ ಎಲ್ಲೋರಾ. ಅಪ್ಪ ಬರಲೊಲ್ಲೆ ಅಂದರು. "ಕಲ್ಲು ಎಲ್ಲಿಗೂ ಹೋಗೂದಿಲ್ಲ. ನಾ ಇವನ ಸಂಗಾಟ ಇರ್ತೀನಿ, ನೀವು ವೈನಿನ್ನ ಕರಕೊಂಡು ಹೋಗ್ರಿ." ಜೂನ್ ನಂತರ ಕಾಕು ಔಷಧಿ ಅಂಗಡಿ ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ. ಬೇಡ ಬೇಡ ಎನ್ನುತ್ತಲೇ ಒಳ್ಳೆಯ ಸೀರೆ ಉಟ್ಟು ಬಂದರು.

ಊರಿನಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ನಡುವೆ ದೌಲತಾಬಾದ್ ಕೋಟೆ, ಯಾದವರ ದೇವಗಿರಿ. 1327ರಲ್ಲಿ ತುಘಲಕ್ ದಿಲ್ಲಿಯಿಂದ ರಾಜಧಾನಿಯನ್ನೇ ಇಲ್ಲಿಗೆ ಎತ್ತಿ ತಂದಿದ್ದ. ಹತ್ತುವ ಉಮೇದು ಯಾರಿಗೂ ಇರಲಿಲ್ಲ. ಕೆಳಗೆ ಬುಟ್ಟಿಯಲ್ಲಿ ಸೀತಾಫಲ ಮಾರುತ್ತಿದ್ದರು, ಈ ಭಾಗದ ಸೀತಾಫಲಕ್ಕೆ ಹೆಸರಿದೆ. ಒಂದು ಬುಟ್ಟಿ ಕೊಂಡೆವು, ಕೋಟೆಯ ಭೇಟಿ ಅಷ್ಟಕ್ಕೇ ಮುಗಿಯಿತು.

ಹೋಗುವವರಿಗೆ ಒಂದು ಮಾತು: ಎಲ್ಲೋರಾ ಮಂಗಳವಾರ ಮುಚ್ಚಿರುತ್ತದೆ. ಬೆಳಿಗ್ಗೆ ಬೇಗ ಹೋಗಿ. 34 ಗುಹೆಗಳಲ್ಲಿ ಮೊದಲ ಹನ್ನೆರಡು ಬೌದ್ಧರವು, ನಂತರದ ಹದಿನೇಳು ಹಿಂದೂ, ಕೊನೆಯ ಐದು ಜೈನ. ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹಟ ಬೇಡ. ನಾವು ಹದಿನಾರನೆಯದಕ್ಕೇ, ಅಂದರೆ ಕೈಲಾಸಕ್ಕೇ ಎರಡು ತಾಸು ಕೊಟ್ಟೆವು.

ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಕಟ್ಟಿದ್ದಲ್ಲ, ಬೆಟ್ಟದಿಂದ ಬೇಡದ ಕಲ್ಲನ್ನು ತೆಗೆದು ಉಳಿಸಿಕೊಂಡದ್ದು. ಶಿಖರದಿಂದ ಶುರುಮಾಡಿ ಬುಡಕ್ಕೆ ಇಳಿದಿದ್ದಾರೆ. ಸುಮಾರು 30 ಮೀಟರ್ ಎತ್ತರದ ಗುಡಿ. ಮೇಲೆ ಒಂದು ಏಟು ತಪ್ಪಿದರೆ ತೇಪೆ ಹಾಕಲು ಬೇರೆ ಕಲ್ಲಿಲ್ಲ. ವಡೋದರಾದ ರಾಷ್ಟ್ರಕೂಟ ತಾಮ್ರಶಾಸನವೊಂದು, ಇದನ್ನು ಮಾಡಿದ ಶಿಲ್ಪಿಯೇ ಹೇಗೆ ಮಾಡಿದೆನೋ ಎಂದು ಬೆರಗಾದನೆಂದು ಹೇಳುತ್ತದೆ. ಕಾಕು ಬಳಿ ಇನ್ನೊಂದು ಕತೆ ಇತ್ತು. ಗಂಡನ ಕಾಯಿಲೆ ವಾಸಿಯಾಗಲೆಂದು ಶಿವನಿಗೆ ಹರಕೆ ಹೊತ್ತ ರಾಣಿ, ಗುಡಿಯ ಶಿಖರ ಕಾಣುವ ತನಕ ಊಟ ಮಾಡುವುದಿಲ್ಲ ಎಂದಳಂತೆ. ಗುಡಿ ಕಟ್ಟಲು ವರ್ಷಗಟ್ಟಲೆ ಬೇಕು, ರಾಣಿ ಉಳಿಯುತ್ತಾಳೆಯೇ? ಆಗ ಪೈಠಣದ ಕೋಕಸ ಎಂಬ ಶಿಲ್ಪಿ ಬಂದು ಮೊದಲು ಶಿಖರವನ್ನೇ ಕಡೆದು ತೋರಿಸಿದ. ಈ ಕತೆಯನ್ನು ಕಾಕು ಗುಡಿಯ ಆನೆಯ ಪಕ್ಕ ನಿಂತು, ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಹೇಳಿದರು. ಗಂಡನ ಕಾಯಿಲೆಯ ಮಾತು ಬಂದಾಗ ಅವರ ಧ್ವನಿಯಲ್ಲಿ ಏನೂ ಬದಲಾಗಲಿಲ್ಲ. ನಾನೇ ಬೇರೆ ಕಡೆ ನೋಡಿದೆ.

ಎರಡು ವರ್ಷದ ಹಿಂದೆ ನಾವು ಪಟ್ಟದಕಲ್ಲಿಗೆ ಹೋಗಿದ್ದೆವು. ಮಗಳು ಕೈಲಾಸದ ಅಂಗಳದಲ್ಲಿ ಒಂದು ಸುತ್ತು ಹಾಕಿ, "ಅಮ್ಮಾ, ಇದು ಆ ವಿರೂಪಾಕ್ಷನ ಗುಡಿ ಥರಾನೇ ಇದೆಯಲ್ಲ" ಅಂದಳು. ಅದೇ ಇದಕ್ಕೆ ಮಾದರಿ ಎಂದು ಬಲ್ಲವರೂ ಹೇಳುತ್ತಾರೆ. ಬಾದಾಮಿಯ ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟರು ಅವರ ಗುಡಿಯನ್ನು ಕೆಡವಲಿಲ್ಲ, ಅದರಂಥದ್ದನ್ನು ಬೆಟ್ಟದೊಳಗೆ ಕಡೆಸಿದರು. ಮಲಪ್ರಭೆಯ ದಂಡೆಯಿಂದ ಆ ಕಲ್ಪನೆ ಇಲ್ಲಿಗೆ ಬಂದ ದಾರಿಯೂ ಸುಮಾರು ನಾವು ಬಂದ ಕರಿಮಣ್ಣಿನ ದಾರಿಯೇ ಇರಬೇಕು. ಕೊನೆಯಲ್ಲಿ ಜೈನ ಗುಹೆಗಳಿಗೆ ಹೋದೆವು. ಇಂದ್ರಸಭೆಯಲ್ಲಿ ಮೈಗೆ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿ ಇದ್ದಾನೆ. ಶ್ರವಣಬೆಳಗೊಳದವನಿಗಿಂತ ಹಳಬ, ಎತ್ತರದಲ್ಲಿ ಮಾತ್ರ ಚಿಕ್ಕವನು.

ಮರಳುವಾಗ ಕಾಕು ಮಗಳಿಂದ ಪದ ಕೇಳಿಸಿಕೊಳ್ಳುತ್ತ ಬಂದರು. "ಮನೆಯಲ್ಲಿ ಅವರು ಕನ್ನಡ ಆಡಿದ್ದು ನೋಟು ಎಣಿಸುವಾಗ ಮಾತ್ರ" ಎಂದರು ಮರಾಠಿಯಲ್ಲಿ. "ಒಂದು, ಎರಡು, ಮೂರು... ನನಗೆ ಹತ್ತರ ತನಕ ಬರುತ್ತದೆ. ಕಲಿಸಿ ಎಂದು ನಾನೂ ಕೇಳಲಿಲ್ಲ, ಕಲಿ ಎಂದು ಅವರೂ ಹೇಳಲಿಲ್ಲ. ಬೇಕಾಗಿರಲೇ ಇಲ್ಲ."

ಭಾನುವಾರ ಎಲ್ಲರೂ ಪೈಠಣಕ್ಕೆ. ಕಾಕಾ ಮುಂದಿನ ಸೀಟಿನಲ್ಲಿ, ಗಾಲಿಕುರ್ಚಿ ಡಿಕ್ಕಿಯಲ್ಲಿ. ಸಾತವಾಹನರ ಪ್ರತಿಷ್ಠಾನ ಇದೇ ಊರು. ಪೈಠಣಿ ಸೀರೆಯದೂ ಇದೇ. ಸೀರೆಯ ಬೆಲೆ ಕೇಳಿ ನನ್ನ ಗಂಡ ಬೇಗ ಬೇಗ ಸಂತ ಏಕನಾಥರ ಸಮಾಧಿ ಮಂದಿರದ ಕಡೆ ನಡೆದರು. ಏಕನಾಥರ ಮುತ್ತಜ್ಜ ಭಾನುದಾಸರೂ ಪೈಠಣದವರು. ಕೃಷ್ಣದೇವರಾಯ ಹಂಪಿಗೆ ಒಯ್ದಿದ್ದ ವಿಠ್ಠಲನ ಮೂರ್ತಿಯನ್ನು ಮರಳಿ ಪಂಢರಪುರಕ್ಕೆ ತಂದವರು ಅವರೇ ಎಂದು ವಾರಕರಿಗಳ ನಂಬಿಕೆ. ಹಂಪಿಯ ವಿಠ್ಠಲ ಗುಡಿಯಲ್ಲಿ ಖಾಲಿ ಗರ್ಭಗುಡಿ ನೋಡಿ ಬಂದವರಿಗೆ ಆ ಕತೆಯ ಇನ್ನೊಂದು ತುದಿ ಇಲ್ಲಿ ಸಿಗುತ್ತದೆ. ಅಪ್ಪ ಇದನ್ನು ಕಾಕಾಗೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಹೊಳ್ಳಿ ತಂದ್ರು" ಅಂದರು. ಕಾಕು ನನ್ನ ಮಗಳ ಮುಖ ನೋಡಿದರು. "ಪರತ್ ಆಣಲಾ" ಎಂದು ಅವಳು ಅನುವಾದಿಸಿದಳು.

ಘಟ್ಟದ ಮೆಟ್ಟಿಲಿಗೆ ಗಾಲಿಕುರ್ಚಿ ಇಳಿಯುವುದಿಲ್ಲ. ಮಗಳು ಬಾಟಲಿಯಲ್ಲಿ ಗೋದಾವರಿಯ ನೀರು ತಂದು ಕಾಕಾ ಕೈಗೆ ಹಾಕಿದಳು. ಗೆಳೆಯರಿಬ್ಬರೂ ಬಿಸಿಲಾಗುವ ತನಕ ಹೊಳೆ ನೋಡುತ್ತ ಕುಳಿತರು. ಮಾತು ಹೆಚ್ಚೇನೂ ಇರಲಿಲ್ಲ. ಹಾಸ್ಟೆಲಿನ ಅಡುಗೆಯವನನ್ನು ಬೈದದ್ದು ಮಾತ್ರ ನನಗೆ ಕೇಳಿಸಿತು.

ಸೋಮವಾರ ನಾವು ಹೊರಡುವಾಗ ಅಪ್ಪ ಒಂದು ಏರ್ಪಾಡು ಮಾಡಿದರು. ದಿನಾ ಸಂಜೆ ಆರಕ್ಕೆ ವಿಡಿಯೋ ಕಾಲ್, ಅರ್ಧ ತಾಸು. ಅದು ಇವತ್ತಿನವರೆಗೆ ಎರಡೇ ಸಲ ತಪ್ಪಿದೆ, ಎರಡೂ ಸಲ ಕರೆಂಟ್ ಇರಲಿಲ್ಲ. ಮಗಳು ಪಕ್ಕದಲ್ಲಿ ಕುಳಿತು ಹೊಸ ಪದ ಬಂದರೆ ಬರೆದು ಕಳಿಸುತ್ತಾಳೆ. ಈಗ ಕನ್ನಡ ಲಿಪಿಯಲ್ಲೂ ಬರೆಯಲು ನೋಡುತ್ತಿದ್ದಾಳೆ, ಒತ್ತಕ್ಷರಕ್ಕೆ ಇನ್ನೂ ಜಗಳವಿದೆ.

ಹೋದ ವಾರ ಕಾಕಾ ಬಾಯಿಂದ ಮೊದಲ ಸಲ "ಪಾಣಿ" ಎಂದು ಮರಾಠಿ ಪದ ಬಂತಂತೆ. ಕಾಕು ಅದನ್ನು ಹೇಳಲು ಧ್ವನಿಸಂದೇಶ ಕಳಿಸಿದ್ದರು. ಪೂರ್ತಿ ಕನ್ನಡದಲ್ಲಿ, ಅಥಣಿಯ ರಾಗದಲ್ಲೇ: "ಪಾಣಿ ಅಂದ್ರು. ನಾ 'ನೀರ ಅನ್ರಿ' ಅಂದೆ. ಸಿಟ್ಟಿಗೆದ್ದಾರ."