ಸೊನ್ನೆ ಸುತ್ತಿದ ಸಂತೆ

ಅಪ್ಪ ತೀರಿಕೊಂಡ ಮರುವರ್ಷ ಯುಗಾದಿಗೆ ಊರಿಗೆ ಹೋಗಿದ್ದಾಗ ಅಮ್ಮ ಒಂದು ಬೇಡಿಕೆ ಇಟ್ಟಳು. "ನಿಮ್ಮಪ್ಪ ಚಿಂತಾಮಣಿ ಸಂತೇಲಿ ಎಮ್ಮೆ ಕೊಳ್ಳೋಕೆ ಹೋಗಿ ಛತ್ರಿ ಕೊಂಡು ಬಂದಿದ್ದನ್ನ ಬರೆದಿದ್ದರಲ್ಲ, ಅದನ್ನ ಓದು." ಅಪ್ಪ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಮೂರು ನೋಟ್‌ಬುಕ್ಕಿನ ತುಂಬ ನೆನಪುಗಳನ್ನು ಬರೆದಿಟ್ಟಿದ್ದರು. 2008ರ ಬೇಸಿಗೆಯಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿದವನು ನಾನೇ. ಗತ್ತಿನಿಂದ ಲ್ಯಾಪ್‌ಟಾಪ್ ತೆರೆದು 'ಚಿಂತಾಮಣಿ' ಎಂದು ಹುಡುಕಿದೆ. ಇಲ್ಲ. 'ಸಂತೆ' ಎಂದೆ. ಅದೂ ಇಲ್ಲ. 'ಎಮ್ಮೆ' ಎಂದಾಗ ಮಾತ್ರ ಎಮ್ಮೆ ತಟ್ಟನೆ ಎದ್ದು ನಿಂತಿತು. ಅದರ ಪಕ್ಕದಲ್ಲೇ ಚಿಂತಾಮಣಿಯೂ ಇತ್ತು, ಸಂತೆಯೂ ಇತ್ತು! ಅಮ್ಮ ಕನ್ನಡಕ ಏರಿಸಿಕೊಂಡು ಇಣುಕಿ, "ಇಷ್ಟು ದಪ್ಪಕ್ಷರದಲ್ಲಿ ಕಾಣ್ತಿದೆ, ನಿನ್ನ ಪೆಟ್ಟಿಗೆಗೂ ಪೊರೆ ಬಂತೇನೋ" ಎಂದಳು.

ಪೊರೆ ಪೆಟ್ಟಿಗೆಗೆ ಬಂದಿರಲಿಲ್ಲ. ತಪ್ಪು ನನ್ನ ಬೆರಳಿನದು; ಸ್ವಲ್ಪ ಅಪ್ಪನದೂ ಹೌದು. 'ಚಿ ಬರೆದು ಸೊನ್ನೆ ಸುತ್ತಿದರೆ ಚಿಂ' ಎಂದು ಒಂದನೇ ತರಗತಿಯಲ್ಲಿ ಕಲಿಸಿದವರು ಅವರೇ. ಅನುಸ್ವಾರ ಎಂಬ ಘನವಾದ ಹೆಸರು ವ್ಯಾಕರಣದ ಪುಸ್ತಕಕ್ಕೆ. ಬಳಪ ಹಿಡಿದ ಕೈಗೆ ಅದು ಸೊನ್ನೆಯೇ. ಕೀಲಿಮಣೆಯಲ್ಲಿ ಅನುಸ್ವಾರ ಬೇಕಾದರೆ ಶಿಫ್ಟ್ ಹಿಡಿದು ಇನ್ನೊಂದು ಕೀಲಿ ಒತ್ತಬೇಕಿತ್ತು, ಅಂಕಿಯ ಸೊನ್ನೆಗೆ ಒಂದೇ ಬೆರಳು ಸಾಕಿತ್ತು. ಸೋಮಾರಿಗೆ ಇನ್ನೇನು ಬೇಕು? ಚಿಂತಾಮಣಿ, ಚಿ೦ತಾಮಣಿ: ಇವೆರಡರಲ್ಲಿ ನಿಮಗೇನಾದರೂ ವ್ಯತ್ಯಾಸ ಕಂಡಿತೇ? ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿಗೆ ಕಾಣುತ್ತದೆ. ಅದರ ಲೆಕ್ಕದಲ್ಲಿ ಅನುಸ್ವಾರದ ಮನೆ 0ಸಿ82, ಸೊನ್ನೆಯ ಮನೆ 0ಸಿಇ6. ಒಂದು ಅಕ್ಷರದ ಬೀದಿ, ಇನ್ನೊಂದು ಅಂಕಿಯ ಬೀದಿ.

ಇದು ನನ್ನೊಬ್ಬನ ಪಾಪವೂ ಅಲ್ಲ. ಅರ್ಕಾವತ್ತಿನ ಬದಲು ಒಂಬತ್ತನ್ನು ಒತ್ತಿ 'ಕನಾ೯ಟಕ' ಎಂದು ಬರೆಯುವವರನ್ನು ನೀವೂ ಕಂಡಿರುತ್ತೀರಿ. ನಾಡಿನ ಹೆಸರಿನ ನಡುವೆಯೇ ಒಂಬತ್ತು ಕುಳಿತರೂ ನಾವು ತಡವರಿಸದೆ ಓದಿಕೊಂಡು ಮುಂದೆ ಹೋಗುತ್ತೇವೆ.

ಓದಲು ಬರುವ, ಆದರೆ ನಿಯಮಕ್ಕೆ ಹೊಂದದ ಬರಹವನ್ನು ತಂತ್ರಾಂಶ ಒಳಗೆ ಬಿಟ್ಟುಕೊಳ್ಳಬೇಕೇ, ಬಾಗಿಲಲ್ಲೇ ತಡೆಯಬೇಕೇ? ಈ ಜಗಳ ನನ್ನ ಸೊನ್ನೆಗಿಂತ ಹಳೆಯದು. ಅಂತರಜಾಲವನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್, 1980ರಲ್ಲಿ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಟಿಸಿಪಿ ಎಂಬ ಪದ್ಧತಿಯ ನಿಯಮಾವಳಿ ಬರೆಯುವಾಗ ಒಂದು ಬುದ್ಧಿಮಾತನ್ನೂ ಸೇರಿಸಿದರು. ನಮ್ಮ ಮಾತಿನಲ್ಲಿ ಅದರ ಸಾರ ಇಷ್ಟು: ಕೊಡುವಾಗ ಮಡಿಯಲ್ಲಿರು, ತೆಗೆದುಕೊಳ್ಳುವಾಗ ಮೈಲಿಗೆ ಎಣಿಸಬೇಡ. ಯಾರು ಯಾರೋ ಕಟ್ಟಿದ ಕಂಪ್ಯೂಟರುಗಳು ಒಂದರೊಡನೊಂದು ಮಾತು ಕಲಿಯುತ್ತಿದ್ದ ಕಾಲ. ಉಚ್ಚಾರ ಸರಿಯಿಲ್ಲವೆಂದು ಮುಖ ತಿರುಗಿಸಿದರೆ ಮಾತೇ ನಿಂತುಹೋಗುತ್ತಿತ್ತು. ಅಜ್ಜಿ ಯಾರ ಕೈಲೋ ಬರೆಸಿದ 'ರೈಲ್ವೆ ಗೇಟು ದಾಟಿ ಬೇವಿನ ಮರದ ಮನೆ' ಎಂಬ ವಿಳಾಸದ ಕಾಗದವನ್ನೂ ನಮ್ಮೂರ ಅಂಚೆಯಣ್ಣ ತಲುಪಿಸುತ್ತಿದ್ದ. ಹೆಸರಿನಲ್ಲೇ ಪೋಸ್ಟ್ ಇಟ್ಟುಕೊಂಡ ಪೋಸ್ಟೆಲ್ ಅದೇ ಜಾತಿಯವರು.

ಆದರೆ ಉದಾರಿಯ ಮನೆಯಲ್ಲಿ ಮಕ್ಕಳು ಕೆಡುತ್ತಾರೆ. ಜಾಲಪುಟ ಬರೆಯುವವರು ತೆರೆದ ಟ್ಯಾಗನ್ನು ಮುಚ್ಚದೇ ಬಿಟ್ಟರೂ ಬ್ರೌಸರುಗಳು ಊಹಿಸಿ ತೋರಿಸಿದವು. ಗದರಿಸುವವರಿಲ್ಲದೆ ಬರೆಯುವವರು ಕಲಿಯಲೇ ಇಲ್ಲ. ಒಂದೊಂದು ಬ್ರೌಸರಿನ ಊಹೆ ಒಂದೊಂದು ಥರ. ಇಲ್ಲಿ ನೆಟ್ಟಗಿದ್ದ ಪುಟ ಅಲ್ಲಿ ಸೊಟ್ಟ. ಇದರಿಂದ ಬೇಸತ್ತು 1998ರ ಫೆಬ್ರುವರಿಯಲ್ಲಿ ಎಕ್ಸ್‌ಎಂಎಲ್ ಎಂಬ ಬರಹದ ಪದ್ಧತಿ ಬಂತು, ಬೆತ್ತ ಹಿಡಿದ ಮೇಷ್ಟರಂತೆ. ಒಂದು ಟ್ಯಾಗ್ ಮುಚ್ಚದಿದ್ದರೂ ಓದುವುದನ್ನು ಅಲ್ಲಿಗೇ ನಿಲ್ಲಿಸಬೇಕು ಎಂಬುದು ಅದರ ಕಟ್ಟಪ್ಪಣೆ. ಅದೇ ವರ್ಷದ ಅಕ್ಟೋಬರಿನಲ್ಲಿ ಪೋಸ್ಟೆಲ್ ತೀರಿಕೊಂಡರು, 55ನೇ ವಯಸ್ಸಿಗೆ.

ಯಂತ್ರಗಳ ನಡುವಿನ ಲೇವಾದೇವಿಗೆ ಬೆತ್ತ ಒಗ್ಗಿತು. ಜಾಲಪುಟಕ್ಕೂ ಅದನ್ನು ತಂದಾಗ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು: ತಪ್ಪು ಬರೆದವನದು, ಪುಟ ಕಾಣದೆ ಪರದಾಡಿದವನು ಓದುಗ. 2009ರಲ್ಲಿ, ಇದೇ ಕಟ್ಟುನಿಟ್ಟಿನ ಜಾಲಪುಟ ಭಾಷೆಯಾದ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸ ನಿಂತಿತು. 2014ರಲ್ಲಿ ಅಧಿಕೃತವಾದ ಜಾಲಪುಟಗಳ ಭಾಷೆ ಎಚ್‌ಟಿಎಂಎಲ್ 5 ಬೇರೆ ದಾರಿ ಹಿಡಿಯಿತು. ಯಾವ ತಪ್ಪನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಅದು ಒಂದೊಂದಾಗಿ ಬರೆದಿಟ್ಟಿತು. ಕ್ಷಮಿಸುವುದಾದರೆ ಎಲ್ಲರೂ ಒಂದೇ ರೀತಿ ಕ್ಷಮಿಸಲಿ ಎಂದು.

ಇಷ್ಟೆಲ್ಲ ತಿಳಿದವನು ನಾನು ಮಾಡಿದ್ದೇನು? ಒಂದೇ ಏಟಿಗೆ ಕಡತದ ಸೊನ್ನೆಗಳನ್ನೆಲ್ಲ ಅನುಸ್ವಾರವಾಗಿಸಿದೆ. ಸಂತೆ ಸಿಕ್ಕಿತು. ಆದರೆ ಅಪ್ಪ ಇಸವಿ, ಬೆಲೆಗಳನ್ನೆಲ್ಲ ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದವರು. '೧೯೬೦' ಹೋಗಿ '೧೯೬ಂ' ಆಯಿತು, ಎಮ್ಮೆಯ ಬೆಲೆ '೨ಂಂ' ರೂಪಾಯಿ. ಅದನ್ನು ಹಿಂದಿರುಗಿಸಿ, ಹಿಂದೆ ಅಂಕಿಯಿದ್ದರೆ ಸೊನ್ನೆ, ಅಕ್ಷರವಿದ್ದರೆ ಅನುಸ್ವಾರ ಎಂಬ ನಿಯಮ ಮಾಡಿದೆ. ಅಪ್ಪ ಜಾಗ ಬಿಡದೆ ಬರೆದಿದ್ದ 'ಕೊಠಡಿ೦೭' ಬಂದು 'ಕೊಠಡಿಂ೭' ಎಂದು ಅಣಕಿಸಿತು. ನಾನೇ ಮಾಡಿದ ತಪ್ಪನ್ನು ಊಹಿಸಲು ನನಗೇ ಆಗದಿದ್ದರೆ ಯಂತ್ರದ ಪಾಡೇನು?

ದಾರಿ ತೋರಿಸಿದ್ದು ಇನ್ನೊಂದು ಸೊನ್ನೆ. ಅಕ್ಷರವಿಲ್ಲದೆ ಬರಿಯ ಕೊಂಬು, ಗುಡಿಸು ಒತ್ತಿ ನೋಡಿ. ತೆರೆಯ ಮೇಲೆ ಚುಕ್ಕೆಚುಕ್ಕೆಯ ಉಂಗುರವೊಂದು ಮೂಡುತ್ತದೆ. ಅದನ್ನು ಮೂಡಿಸುವ ತಂತ್ರಾಂಶ ನಾವು ಬರೆದಿದ್ದನ್ನು ಎಸೆಯುವುದಿಲ್ಲ, ತಾನೇ ಒಂದು ಅಕ್ಷರವನ್ನು ಕಲ್ಪಿಸುವುದೂ ಇಲ್ಲ. ಇಲ್ಲೇನೋ ಬಿಟ್ಟುಹೋಗಿದೆ ಎಂದು ಜಾಗ ತೋರಿಸುತ್ತದೆ. ಅಪ್ಪ ಕಾಪಿ ತಿದ್ದುತ್ತಿದ್ದುದೂ ಹಾಗೆಯೇ. ತಪ್ಪು ಪದವನ್ನು ಹೊಡೆದುಹಾಕುತ್ತಿರಲಿಲ್ಲ, ಸರಿಯಾದದ್ದನ್ನು ಬರೆದುಕೊಡುತ್ತಲೂ ಇರಲಿಲ್ಲ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಮುಂದಿನ ಕಾಪಿ ಎತ್ತಿಕೊಳ್ಳುತ್ತಿದ್ದರು.

ಈಗ ಮೂಲ ಕಡತವನ್ನು ಮುಟ್ಟದೆ ಇಟ್ಟಿದ್ದೇನೆ. ಪ್ರತಿಯಲ್ಲಿ ನಿಯಮ ತಿದ್ದಿದ ಕಡೆಯೆಲ್ಲ ಬಣ್ಣದ ಗುರುತಿದೆ. ಅನುಮಾನ ಬಂದ ಕಡೆ ನೋಟ್‌ಬುಕ್ ನೋಡಿ ಕೈಯಾರೆ ತಿದ್ದುತ್ತೇನೆ. ಹೊಸದಾಗಿ ಬರೆಯುವಾಗ ಅಕ್ಷರದ ಪಕ್ಕ ಸೊನ್ನೆ ಒತ್ತಿದರೆ ಕಂಪ್ಯೂಟರು ಅಲ್ಲೇ ಗದರಿಸುವಂತೆ ಮಾಡಿಕೊಂಡಿದ್ದೇನೆ. ಬೈಗುಳ ಬರೆಯುವವನಿಗೆ ಇರಲಿ, ಓದಲು ಬಂದವರಿಗೆ ಬೇಡ.

ಅಮ್ಮನಿಗೆ ಸಂತೆಯ ಕಥೆ ಪೂರ್ತಿ ಓದಿ ಹೇಳಿದೆ. ಛತ್ರಿಯ ಬೆಲೆ ೧೦ ರೂಪಾಯಿ. ಆ ಸೊನ್ನೆ ನಿಜವಾದ ಸೊನ್ನೆ, ನೋಟ್‌ಬುಕ್ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ.