ಹಾಳೆಟೊಪ್ಪಿ ತೊಡಿಸಲು ಹೋಗಿ

ಅಡಿಕೆ ಬೆಳೆಗಾರರ ಸಭೆ ಎಂದರೆ ಈಗ ವೇದಿಕೆಯ ಮೇಲೆ ಹಾಳೆಟೊಪ್ಪಿ ಇರಲೇಬೇಕು. ಮಂತ್ರಿ ಬಂದರೆ ಅವರ ತಲೆಗೆ, ಶಾಸಕರು ಬಂದರೆ ಅವರ ತಲೆಗೆ. ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಅದೂ ಒಂದು ಮರ್ಯಾದೆ. ಅಡಿಕೆಯ ಹಾಳೆ ಹೀಗೆ ಮಲೆನಾಡಿನ ಗುರುತಾಗುವುದಕ್ಕೆ ಕೈಜೋಡಿಸಿದವರಲ್ಲಿ ನಾನೂ ಒಬ್ಬ. ಕೊಪ್ಪದಲ್ಲಿ ನಾವು ಹೊರಡಿಸಿದ ಒಂದು ಮೆರವಣಿಗೆ ಅದೇ ಟೊಪ್ಪಿಯ ದೆಸೆಯಿಂದ ಕೆಟ್ಟಿತು. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಹಳದಿ ಎಲೆ ರೋಗ ಇಂದು ನಿನ್ನೆ ಬಂದದ್ದಲ್ಲ. ಸೋಗೆ ತುದಿಯಿಂದ ಹಳದಿಯಾಗುತ್ತದೆ, ಕಾಯಿಯ ತಿರುಳು ಮೆತ್ತಗಾಗಿ ಕಪ್ಪಾಗುತ್ತದೆ, ವರ್ಷ ಕಳೆದಂತೆ ತೋಟದ ಖರ್ಚೂ ಹುಟ್ಟದಂತಾಗುತ್ತದೆ. ವಾಸಿ ಮಾಡುವ ಔಷಧಿ ಇಲ್ಲ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಪರಿಹಾರ ಕೇಳಲು ತಾಲ್ಲೂಕು ಕಚೇರಿಗೆ ಮೆರವಣಿಗೆ ಹೋಗೋಣವೆಂದು ಬೆಳೆಗಾರರು ಕೆಲವರು ಸೇರಿ ತೀರ್ಮಾನಿಸಿದೆವು. ಹೆಗಲಿಗೆ ಹಸಿರು ಶಾಲು ಹಾಕಿಕೊಳ್ಳುವುದು ಎಂದು ಯಾರೋ ಅಂದಾಗ ಬೇಡವೆಂದವನು ನಾನು.

ಆ ಶಾಲಿನ ಮೇಲೆ ನನಗೆ ಅಗೌರವ ಇರಲಿಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆದ ಮೇಲೆ ಎದ್ದ ಚಳವಳಿಯಿಂದ ರಾಜ್ಯ ರೈತ ಸಂಘ ಹುಟ್ಟಿತು, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದನ್ನು ಕಟ್ಟಿದರು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಊರ ಬಾಗಿಲಲ್ಲಿ ಬೋರ್ಡು ಬಿತ್ತು. ಸಾಲಕ್ಕೆ ಜಪ್ತಿಯಾದ ಪಾತ್ರೆ ಪಗಡೆಯನ್ನು ರೈತರು ಗುಂಪಾಗಿ ಹೋಗಿ ಮರಳಿ ತಂದರು. ಶಾಲಿಗೆ ತೂಕ ಬಂದದ್ದು ಇಂಥ ಕೆಲಸಗಳಿಂದ. ಆಮೇಲೆ ಅದು ಎಲ್ಲ ಪಕ್ಷಗಳ ಹೆಗಲಿಗೂ ಏರಿತು. 2018ರಲ್ಲಿ ಮುಖ್ಯಮಂತ್ರಿಯ ಪ್ರಮಾಣವಚನವೇ ಹಸಿರು ಶಾಲು ಹೊದ್ದು ನಡೆಯಿತು. ಎಲ್ಲರದ್ದೂ ಆದದ್ದು ನಮಗೇಕೆ, ಮಲೆನಾಡಿನದೇ ಒಂದು ಗುರುತು ಬೇಕು ಎಂದು ವಾದಿಸಿ ಹಾಳೆಟೊಪ್ಪಿಯ ಹೆಸರು ಎತ್ತಿದೆ. ಸಭೆ ಚಪ್ಪಾಳೆ ಹೊಡೆಯಿತು. ಆ ಸಭೆಯಲ್ಲಿದ್ದವರೆಲ್ಲ ತೋಟದ ಯಜಮಾನರು ಎಂಬುದು ಆಗ ನನ್ನ ಗಮನಕ್ಕೇ ಬರಲಿಲ್ಲ.

ಮೆರವಣಿಗೆಗೆ ಜನ ಬೇಕಲ್ಲ, ಲೈನ್ ಮನೆಗಳಿಂದ ಕೆಲಸದವರನ್ನು ಪಿಕಪ್‌ನಲ್ಲಿ ಕರೆಸಿದೆವು. ಬಸ್ ನಿಲ್ದಾಣದ ಹತ್ತಿರ ನಿಂತು ನಾನೇ ಟೊಪ್ಪಿ ಹಂಚಿದೆ. ಇಸ್ತ್ರಿ ಅಂಗಿಯ ಯಜಮಾನರು ತಲೆಗೆ ಇಟ್ಟುಕೊಂಡು ಒಬ್ಬರ ಫೋಟೊ ಒಬ್ಬರು ತೆಗೆದುಕೊಂಡರು. ಕೆಲಸದವರು ತೆಗೆದುಕೊಂಡರು ನಿಜ, ಕಂಕುಳಲ್ಲಿ ಇಟ್ಟುಕೊಂಡರು. ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದ ದುಡಿದ ಹಿರಿಯರೊಬ್ಬರು ಮಾತ್ರ ಕೈಯನ್ನೇ ಚಾಚಲಿಲ್ಲ.

‘ಸಣ್ಣಯ್ಯ, ಇದನ್ನ ತಲೆಯಿಂದ ಇಳಿಸೋಕೆ ನಮಗೆ ಒಂದು ತಲೆಮಾರು ಬೇಕಾಯ್ತು. ನಿಮಗೆ ಚಂದ ಕಾಣ್ತದೆ, ಹಾಕ್ಕೊಳಿ. ನಂಗೆ ಬೇಡ’ ಎಂದರು.

ನನಗೆ ಸಿಟ್ಟು ಬಂತು. ‘ಇದು ನಮ್ಮ ಸಂಸ್ಕೃತಿ ಕಣೋ, ಹಾಕ್ಕೋ’ ಎಂದೆ. ನನ್ನ ಅಪ್ಪನಿಗಿಂತ ದೊಡ್ಡವರಿಗೆ ‘ಕಣೋ’ ಎನ್ನುವುದು ತಪ್ಪು ಎಂದು ಆ ಹೊತ್ತಿಗೆ ನನಗೆ ಅನಿಸಲೂ ಇಲ್ಲ. ಹುಟ್ಟಿದಾಗಿನಿಂದ ಅವರನ್ನು ಹಾಗೇ ಕರೆದವನು ನಾನು. ಅವರು ತಿರುಗಿ ಮಾತಾಡದೆ ಪಿಕಪ್ ಕಡೆ ನಡೆದರು. ತಾಲ್ಲೂಕು ಕಚೇರಿ ಮುಟ್ಟುವಾಗ ಕೆಲಸದವರಲ್ಲಿ ಹೆಚ್ಚಿನವರು ಮೆರವಣಿಗೆಯಲ್ಲಿ ಇರಲಿಲ್ಲ. ದಾರಿಯ ಚಹಾದಂಗಡಿಯಿಂದ ಒಂದು ಮಾತು ಕಿವಿಗೆ ಬಿತ್ತು: ‘ಆಳುಗಳ ಟೊಪ್ಪಿ ಬಂತು, ಆಳುಗಳೆಲ್ಲಿ?’ ಮನವಿ ಕೊಟ್ಟೆವು, ಅಧಿಕಾರಿಗಳು ತೆಗೆದುಕೊಂಡರು, ಅಲ್ಲಿಗೆ ಮುಗಿಯಿತು. ಕೆಲಸದವರಿಗೆ ನಿಯತ್ತಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಆ ಹಿರಿಯರ ಬಾಯಿಂದ ಟೊಪ್ಪಿಯ ಪೂರ್ತಿ ಕಥೆ ಕೇಳಿದ್ದು ಮುಂದೊಂದು ಮಳೆಗಾಲದಲ್ಲಿ, ಅವರು ಕಾಯಿಲೆ ಬಿದ್ದಿದ್ದಾಗ ನೋಡಲು ಹೋಗಿ. ಗೊಬ್ಬರದ ಬುಟ್ಟಿ, ಸೊಪ್ಪಿನ ಹೊರೆ, ಹಸಿ ಅಡಿಕೆಗೊನೆ ಎಲ್ಲವನ್ನೂ ತಲೆಯ ಮೇಲೇ ಸಾಗಿಸಬೇಕಿತ್ತು. ನೆತ್ತಿ ಉಳಿಯಲೆಂದು ಬಿದ್ದ ಹಾಳೆಯನ್ನು ನೆನೆಸಿ, ಮಡಿಸಿ, ಹೊಲಿದು ಟೊಪ್ಪಿ ಮಾಡಿಕೊಳ್ಳುತ್ತಿದ್ದರು. ಮುಂಡಾಸು ಯಜಮಾನರದ್ದು. ಅವರ ಅಂಗಳಕ್ಕೆ ಕಾಲಿಟ್ಟರೆ ಹೆಗಲ ಟವೆಲು ಕಂಕುಳಿಗೆ ಇಳಿಯಬೇಕು, ಜಗಲಿ ಹತ್ತುವ ಹಾಗಿಲ್ಲ. ದೂರದಿಂದ ಟೊಪ್ಪಿ ಕಂಡರೆ ಸಾಕು, ಬರುತ್ತಿರುವವನು ಆಳು ಎಂದು ಗೊತ್ತಾಗುತ್ತಿತ್ತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿ ಚೀಟಿಯೂ ಇಲ್ಲದ ಕೂಲಿಯವರು ಲೈನ್ ಮನೆಯಲ್ಲೇ ಉಳಿದರು. ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಅವರ ಮನೆಯ ಹುಡುಗರು ಮಾಡಿದ ಮೊದಲ ಕೆಲಸ, ಪೇಟೆಯಿಂದ ಬಟ್ಟೆಯ ಟೋಪಿ ತಂದದ್ದು. ಹಾಳೆಯನ್ನು ಅವರು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು.

ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡುಪಂಚೆಗೆ ಬಂದರು. ಅಂಬೇಡ್ಕರ್ ಹೆಚ್ಚಾಗಿ ಸೂಟಿನಲ್ಲೇ ಕಾಣಿಸಿಕೊಂಡರು. ಶಾಲೆಯಲ್ಲಿ ಎರಡನ್ನೂ ಓದಿದ್ದೆ, ಕೂಡಿಸಿ ನೋಡಿರಲಿಲ್ಲ. ಅಂಗಿ ಇದ್ದವನು ಅದನ್ನು ಬಿಟ್ಟರೆ ತ್ಯಾಗ ಎನ್ನಿಸಿಕೊಳ್ಳುತ್ತದೆ. ತೊಡಬೇಡ ಎಂದು ತಲೆಮಾರುಗಟ್ಟಲೆ ಹೇಳಿಸಿಕೊಂಡವನಿಗೆ ತೊಡುವುದೇ ಹೋರಾಟ. ಯಜಮಾನನಾಗಿ ನಾನು ಹಾಳೆಟೊಪ್ಪಿ ಇಟ್ಟುಕೊಂಡರೆ ಸಂಜೆ ತೆಗೆದಿಡಬಹುದು. ಅವರ ತಲೆಗೆ ಅದನ್ನು ಮತ್ತೆ ಏರಿಸಹೋದದ್ದು ಬೇರೆಯೇ ಮಾತು.

ಗೆದ್ದ ಚಳವಳಿಗಳ ಗುರುತುಗಳನ್ನು ಆಮೇಲೆ ಈ ಕಣ್ಣಿನಿಂದ ನೋಡಿದೆ. 1951ರ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗವೇ ಜಗಳದ ಮೂಲ. ಅದರ ಗಾತ್ರದಿಂದ ಮೋಸ ಹೋದ ಗೇಣಿದಾರರೇ ಅದನ್ನು ಎತ್ತಿ ತೋರಿಸಿದರು. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡವರು ಆ ಕಾಡನ್ನೇ ನಂಬಿ ಬದುಕುವ ಊರಿನವರು. 2018ರಲ್ಲಿ ಫ್ರಾನ್ಸಿನ ಜನ ಹಳದಿ ಜಾಕೆಟ್ ತೊಟ್ಟು ಬೀದಿಗಿಳಿದರು; ವಾಹನ ಇದ್ದವರೆಲ್ಲ ಅದನ್ನು ಇಟ್ಟುಕೊಂಡಿರಬೇಕೆಂಬ ಕಾನೂನು ಅಲ್ಲಿದ್ದುದರಿಂದ ಹಂಚುವವರೇ ಬೇಕಾಗಲಿಲ್ಲ. ನಾನು ಮಾತ್ರ ಬೇರೆಯವರ ಮೈಮೇಲಿನ ಹಳೆಯ ಗಾಯವನ್ನು ಗೊಂಚಲು ಗೊಂಚಲಾಗಿ ಹಂಚಿದ್ದೆ.

ಇಷ್ಟಾದರೂ ಟೊಪ್ಪಿ ಆರಿಸಿದ್ದನ್ನು ನನ್ನ ದೊಡ್ಡ ತಪ್ಪು ಎನ್ನಲಾರೆ. ಅಂದಿನ ಮನವಿಯ ಪ್ರತಿ ಈಗಲೂ ನನ್ನಲ್ಲಿದೆ. ಅದರಲ್ಲಿ ಬೆಳೆಗಾರರಿಗೆ ಪರಿಹಾರ ಇದೆ, ಸಾಲ ಮನ್ನಾ ಇದೆ, ರೋಗದ ಸಂಶೋಧನೆ ಇದೆ. ತೋಟ ಹಾಳಾದಾಗ ಕೂಲಿ ಕಳೆದುಕೊಂಡವರ ಬಗ್ಗೆ ಒಂದು ಸಾಲಿಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು 94ಸಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದವರ ಹೆಸರಿಲ್ಲ. ನಮಗೆ ಅವರ ತಲೆಗಳು ಬೇಕಿದ್ದವು, ಅವರ ಟೊಪ್ಪಿಯೂ ಬೇಕಿತ್ತು, ಅವರ ಬೇಡಿಕೆ ಬೇಕಿರಲಿಲ್ಲ. ಆ ಬೆಳಿಗ್ಗೆ ಇದನ್ನು ಓದಿ ಹೇಳಿದ್ದರೆ ಟೊಪ್ಪಿ ಕೊಡುವ ಮೊದಲೇ ಅವರು ಹೊರಟುಬಿಡುತ್ತಿದ್ದರೇನೋ.

‘ಮಲೆನಾಡಿನದು’ ಎಂಬ ನನ್ನ ಮಾತೂ ಪೊಳ್ಳೇ. ಶೃಂಗೇರಿಗೆ ಶಾರದೆ ಮತ್ತು ಮಠವೇ ಗುರುತು. ನರಸಿಂಹರಾಜಪುರಕ್ಕೆ ಹೋದರೆ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ಇದೆ, ಕೇರಳದಿಂದ ಬಂದು ರಬ್ಬರ್ ಬೆಳೆದವರ ಇಗರ್ಜಿಗಳಿವೆ, ಭದ್ರಾ ಹಿನ್ನೀರಿಗೆ ಗದ್ದೆ ಬಿಟ್ಟುಕೊಟ್ಟವರ ನೆನಪುಗಳಿವೆ. ಇವರೆಲ್ಲರ ತಲೆಗೂ ಹೊಂದುವ ಒಂದೇ ಟೊಪ್ಪಿಯನ್ನು ಕೊಪ್ಪದ ಒಂದು ಕೋಣೆಯಲ್ಲಿ ಕೂತು ಹೊಲಿಯಲು ಹೊರಟಿದ್ದೆವು.

ಮುಂದೊಮ್ಮೆ ಮನವಿ ಬರೆಯುವಾಗ ಲೈನ್ ಮನೆಯವರನ್ನೂ ಕರೆದು ಕುರ್ಚಿ ಹಾಕಿದೆವು. ಹಕ್ಕುಪತ್ರದ ವಿಷಯ ಮೊದಲು ಬರಲಿ ಎಂದು ಅವರು ಪಟ್ಟು ಹಿಡಿದರು. ಕೆಲವು ಬೆಳೆಗಾರರು ಅದೇ ಕಾರಣಕ್ಕೆ ಎದ್ದು ಹೋದರು. ಗುರುತಿನ ಮಾತು ಯಾರೂ ಎತ್ತಲಿಲ್ಲ, ಮೆರವಣಿಗೆಯೂ ಸಣ್ಣದೇ ಆಯಿತು. ಆದರೆ ಹೊರಟವರು ತಾಲ್ಲೂಕು ಕಚೇರಿಯವರೆಗೂ ಬಂದರು. ಆ ಹಿರಿಯರನ್ನು ಈಗ ನಾನು ‘ನೀವು’ ಎನ್ನುತ್ತೇನೆ. ಅವರು ಇನ್ನೂ ‘ಸಣ್ಣಯ್ಯ’ ಅನ್ನುವುದನ್ನು ಬಿಟ್ಟಿಲ್ಲ.

ಸಂಘ, ಸಮಿತಿ, ಉತ್ಸವಗಳಿಗೆ ಲಾಂಛನ ಹುಡುಕುತ್ತಿರುವ ಗೆಳೆಯರಿಗೆ ನನ್ನದೊಂದು ಮನವಿ. ಶಾಲೋ ಟೊಪ್ಪಿಯೋ ಹೊಲಿಸುವ ಮೊದಲು ಬೇಡಿಕೆಯ ಪಟ್ಟಿ ಬರೆಯಿರಿ. ಅದನ್ನು ಎಲ್ಲರಿಗಿಂತ ಹಿಂದೆ ಕೂತವರಿಗೆ ಓದಿ ಹೇಳಿ, ತಮ್ಮದು ಅದರಲ್ಲಿದೆ ಎಂದು ಅವರ ಬಾಯಿಂದಲೇ ಕೇಳಿ. ಅವರು ಹೂಂ ಅಂದ ಮೇಲೆ ಗುರುತಿನ ಆಯ್ಕೆಯನ್ನು ಅವರಿಗೇ ಬಿಡಿ.